ಹುಂಜಕ್ಕೆ ನೆರಳು ಬಂದ ವಾರ

ಈಗ ಅಗುಳಿ ತೆಗೆದರೆ ಅದು ನನ್ನ ಎರಡನೆಯ ತಪ್ಪಾಗುತ್ತದೆಯೋ, ಇಲ್ಲ ತೆಗೆಯದೆ ಕೂತಿರುವುದೇ ಎರಡನೆಯ ತಪ್ಪೋ? ಕೋಳಿಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಬೆರಳು ಅಗುಳಿಯ ಮೇಲಿತ್ತು. ಜಾಲರಿಯ ಈಚೆ, ಪುಟ್ಟ ಗೂಡಿನಲ್ಲಿ, ಐದು ತಿಂಗಳ ಮರಿಹುಂಜ. ಆಚೆ, ದೊಡ್ಡ ಗೂಡಿನ ಕೋಲಿನ ಮೇಲೆ, ನಾಲ್ಕು ಹೇಂಟೆಗಳು. ಹುಂಜ ನನ್ನ ಬೆರಳನ್ನೇ ನೋಡುತ್ತಿತ್ತು. ಹೇಂಟೆಗಳು ನನ್ನತ್ತ ನೋಡುತ್ತಿರಲಿಲ್ಲ. ನಾನು ಬಂದದ್ದು ಅವುಗಳಿಗೆ ಗೊತ್ತೇ ಆಗುತ್ತಿರಲಿಲ್ಲ, ನನಗೆ ನೆರಳಿರಲಿಲ್ಲವಲ್ಲ.

ಮೊದಲ ತಪ್ಪು ಮಾಡಿ ಎಂಟು ದಿನವಾಗಿತ್ತು. ಅತ್ತೆ ಸಾಕಮ್ಮನವರು ಹೊಳೆಯಾಚೆಯ ಸಂತೆಯಿಂದ ಈ ಹುಂಜವನ್ನು ತಂದು, ಹಿತ್ತಿಲ ಮೂಲೆಯಲ್ಲಿ ಮಂಕರಿ ಕವುಚಿ, ಕೈಕಾಲು ತೊಳೆಯಲು ಹೋಗಿದ್ದರು. ಬಂದವನನ್ನು ಬುಟ್ಟಿಯಲ್ಲಿ ಮುಚ್ಚಿಡುವುದು ಎಂಥ ಮರ್ಯಾದೆ ಎಂದುಕೊಂಡು ನಾನು ಮಂಕರಿ ಎತ್ತಿಬಿಟ್ಟೆ. ನಡುಮಧ್ಯಾಹ್ನ. ಹುಂಜ ಎದೆ ಉಬ್ಬಿಸಿಕೊಂಡು ಸೀದಾ ಹೇಂಟೆಗಳ ನಡುವೆ ನಡೆಯಿತು. ಈ ಮನೆಯವರು ಯಜಮಾನಿ ಎಂದು ಕರೆಯುವ ಕರಿ ಹೇಂಟೆ ಹೆಜ್ಜೆಯ ಸದ್ದಿಗೆ ತಿರುಗಿತು. ನೆಲದ ಮೇಲೆ ಏನೂ ಕಾಣಲಿಲ್ಲ. ತಲೆ ಎತ್ತಿದರೆ ಮುಖಕ್ಕೆ ಮುಖ ಕೊಟ್ಟು ನಿಂತ ಒಂದು ಹುಂಜ. ಅದು ಹೆದರಿತೋ, ಅದಕ್ಕೆ ಅವಮಾನವಾಯಿತೋ, ಹಾರಿ ಜುಟ್ಟು ಹಿಡಿಯಿತು. ಅತ್ತೆ ಓಡಿ ಬಂದು ಬಿಡಿಸುವಷ್ಟರಲ್ಲಿ ಹುಂಜದ ಜುಟ್ಟು ಹರಿದು ರಕ್ತ ಕಣ್ಣಿಗೆ ಇಳಿದಿತ್ತು.

ಅತ್ತೆ ಬೈಯಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತುತ್ತಾ, "ಅಳಿಯಂದ್ರೇ, ಓದಿದವ್ರು ನೀವು," ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈ ಊರಿನಲ್ಲಿ ಹುಟ್ಟಿದವರಿಗೆ ನೆರಳು ಹುಟ್ಟಿನಿಂದಲೇ ಇರುತ್ತದೆ. ಹೊರಗಿನಿಂದ ಬಂದವರ ನೆರಳು ಹೊಳೆಯ ಸೇತುವೆ ದಾಟಿದ ಕೂಡಲೇ ಹೋಗುತ್ತದೆ. ಆಮೇಲೆ, ಸೇರಿದ ಮನೆ ಅವರನ್ನು ತನ್ನವರೆಂದುಕೊಂಡ ದಿನ ತಿರುಗಿ ಬರುತ್ತದೆ. ಮನುಷ್ಯರಿಗೂ ಅಷ್ಟೇ, ದನಕ್ಕೂ ಅಷ್ಟೇ, ಕೋಳಿಗೂ ಅಷ್ಟೇ. ಮೈಮೇಲಿನ ಬಟ್ಟೆ ಮೈಯ ಲೆಕ್ಕ. ಕೈಯಲ್ಲಿ ಹಿಡಿದದ್ದು ಬೇರೆ. ನಾನು ಪುಸ್ತಕ ಹಿಡಿದು ಬೀದಿಯಲ್ಲಿ ನಡೆದರೆ ಪುಸ್ತಕದ ನೆರಳು ಮಾತ್ರ ನೆಲದ ಮೇಲೆ ತೇಲಿಕೊಂಡು ಬರುತ್ತಿತ್ತು. ನಾಯಿಗಳು ಅದನ್ನು ಮೂಸಿ ನೋಡುತ್ತಿದ್ದವು.

ಇಂದ್ರಾಣಿಯನ್ನು ಮದುವೆಯಾಗಿ ನಾನು ಈ ಮನೆಗೆ ಅಳಿಯನಾಗಿ ಬಂದು ಹನ್ನೊಂದು ತಿಂಗಳು ದಾಟಿತ್ತು. ಮನೆಯಲ್ಲಿದ್ದವರು ಮೂವರು ಹೆಂಗಸರು. ನನ್ನ ಹೆಂಡತಿ, ಅವಳ ತಾಯಿ ಸಾಕಮ್ಮ, ಸಾಕಮ್ಮನವರ ಅಕ್ಕ ಹೊನ್ನವ್ವ. ಹೊನ್ನವ್ವನನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಮಾವನವರು ತೀರಿಕೊಂಡು ಆರು ವರ್ಷ. ಮೂವರ ಓಡಾಟ, ಊಟದ ಹೊತ್ತು, ಯಾರು ಯಾವ ಕಂಬಕ್ಕೆ ಒರಗುವುದು ಎಂಬುದು ಕೂಡ ಗೊತ್ತಾಗಿಹೋಗಿದ್ದ ಮನೆ. ನಾನು ಎಲ್ಲಿ ಕೂತರೂ ಅದು ಯಾರದೋ ಜಾಗವಾಗಿರುತ್ತಿತ್ತು. ಅವರು ಎದ್ದು ಹೋಗಿ ಬೇರೆಡೆ ಕೂರುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ.

ನೆರಳಿಲ್ಲದವನಿಂದ ಉಪಯೋಗಗಳಿದ್ದವು, ಅದನ್ನೂ ಹೇಳಬೇಕು. ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನನಗೆ ಕರಡು ತಿದ್ದುವ ಕೆಲಸ. ಕಿಟಕಿಗೆ ಬೆನ್ನು ಹಾಕಿ ಕೂತರೂ ಹಾಳೆಯ ಮೇಲೆ ಬೆಳಕಿರುತ್ತಿತ್ತು. ಮನೆಯಲ್ಲಿ ಹಪ್ಪಳ ಒಣಹಾಕಿದ ದಿನ ಕಾಗೆ ಓಡಿಸಲು ನನ್ನನ್ನೇ ಕರೆಯುತ್ತಿದ್ದರು. ಎಷ್ಟು ಓಡಾಡಿದರೂ ಹಪ್ಪಳಕ್ಕೆ ಬಿಸಿಲು ತಪ್ಪುತ್ತಿರಲಿಲ್ಲ. ಕೋಳಿ ನೋಡಿಕೊಳ್ಳುವ ಕೆಲಸವೂ ಹಾಗೆಯೇ ನನ್ನದಾಯಿತು. ಕೋಳಿಗಳಿಗೆ ಓಡುವ ನೆರಳೆಂದರೆ ಹದ್ದು. ಅತ್ತೆ ಹಿತ್ತಿಲಿಗೆ ಕಾಲಿಟ್ಟರೆ ನಾಲ್ಕೂ ದಿಕ್ಕಾಪಾಲಾಗುತ್ತಿದ್ದವು, ಆಮೇಲೆ ಗುರುತು ಹಿಡಿದು ಬರುತ್ತಿದ್ದವು. ನಾನು ನಡುವೆ ಹೋಗಿ ಕೂತರೂ ಅವು ಮಣ್ಣು ಕೆದಕುವುದನ್ನು ನಿಲ್ಲಿಸುತ್ತಿರಲಿಲ್ಲ. ಅದೊಂದು ಸುಖವೂ ಆಗಿತ್ತು. ಮಾತಿಲ್ಲದ ಕಡೆ ಕೂರುವುದು ನನಗೆ ಮೊದಲಿನಿಂದಲೂ ಇಷ್ಟ.

ಆದರೆ ಇದಕ್ಕೊಂದು ಗಡುವಿತ್ತು. ಬಂದವರು ವರ್ಷ ತುಂಬಿದ ದಿನ, ಬೆಳಗಿನ ಎಳೆಬಿಸಿಲಿನಲ್ಲಿ, ಮನೆಯ ಮುಂದಿನ ಸುಣ್ಣದ ಗೋಡೆಗೆ ಮುಖಮಾಡಿ ನಿಲ್ಲಬೇಕು. ಬೀದಿಯವರು ಬಂದು ನೋಡುತ್ತಾರೆ. ಗೋಡೆಯ ಮೇಲೆ ನೆರಳು ಬಿದ್ದರೆ ಊಟ ಮಾಡಿ ಹೋಗುತ್ತಾರೆ. ಬೀಳದಿದ್ದರೆ ಆಗಲೂ ಊಟ ಮಾಡಿ ಹೋಗುತ್ತಾರೆ, ಆದರೆ ಆ ವಾರದೊಳಗೆ ಗಂಡಹೆಂಡತಿ ಹೊಳೆಯಾಚೆ ಮನೆ ಹುಡುಕಿಕೊಳ್ಳಬೇಕು. ಅಲ್ಲಿ ಎಲ್ಲ ಊರಿನಂತೆ ಎಲ್ಲರಿಗೂ ನೆರಳಿದೆ. ಅದು ಶಿಕ್ಷೆಯಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಗ್ಗದ ಕಡೆ ಇಬ್ಬರನ್ನೂ ಇಟ್ಟು ಯಾಕೆ ಹಿಂಸೆ ಮಾಡಬೇಕು ಎನ್ನುತ್ತಾರೆ. ಇಂದ್ರಾಣಿ ಈ ವಿಷಯ ಎತ್ತುತ್ತಿರಲಿಲ್ಲ. ಅಟ್ಟದಿಂದ ಎರಡು ಹಿತ್ತಾಳೆ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ಒಮ್ಮೆ ಅಂಗಿ ಹುಡುಕುವಾಗ ಕಂಡಿತು. ಅವಳು ಹುಟ್ಟಿದಾಗಿನಿಂದ ತಾಯಿಯನ್ನು ಬಿಟ್ಟು ಒಂದು ವಾರ ಇದ್ದವಳಲ್ಲ. ನಾನು ಟ್ರಂಕು ಮುಚ್ಚಿದೆ.

ವರ್ಷದ ದಿನ ಅಲ್ಲಿ ನಿಂತು ನೋಡಿ ಹೌದು ಅಥವಾ ಇಲ್ಲ ಎನ್ನುವವರು ಯಾರು ಎಂದರೆ ನಮ್ಮ ಅತ್ತೆಯೇ. ಹದಿನೈದು ವರ್ಷದ ಹಿಂದೆ ಕೆಳಬೀದಿಯ ಒಂದು ಮನೆಯವರು ಸೊಸೆಗೆ ನೆರಳು ಬಾರದೆ, ಅವಳ ಹಿಂದೆ ನಾದಿನಿಯನ್ನು ಅಂಟಿಸಿದ ಹಾಗೆ ನಿಲ್ಲಿಸಿದ್ದರಂತೆ. ಊರೆಲ್ಲ ನೋಡಿ ತಲೆಯಾಡಿಸಿತು. "ಈ ನೆರಳು ಉಸಿರಾಡೋದೇ ಬೇರೆ, ಈ ಹುಡುಗಿ ಉಸಿರಾಡೋದೇ ಬೇರೆ," ಎಂದವರು ಸಾಕಮ್ಮ. ಅಂದಿನಿಂದ ಯಾರ ಮನೆಯಲ್ಲಿ ವರ್ಷದ ದಿನವಾದರೂ ಅತ್ತೆಗೆ ಮೊದಲು ಕರೆ. ಅವರ ಕಣ್ಣಿಗೆ ಸುಳ್ಳು ನಡೆಯುವುದಿಲ್ಲ ಎಂದು ಮಾತು. ಆ ಸೊಸೆ ಸೇತುವೆಯ ಮೇಲೆ ನಿಂತು ತಿರುಗಿ ನೋಡಿದ್ದು ತನ್ನ ಮನೆಯ ಕಡೆಗಲ್ಲ, ನಮ್ಮ ಮನೆಯ ಕಡೆಗೆ ಎಂದು ದೊಡ್ಡವ್ವ ಒಂದು ಸಲ ಹೇಳಿದ್ದರು. ಅತ್ತೆ ಆ ಮಾತಿಗೆ ಎದ್ದು ಒಳಗೆ ಹೋಗಿದ್ದರು.

ಹುಂಜ ತಂದ ದಿನ ಅತ್ತೆ ಇನ್ನೊಂದು ಮಾತನ್ನೂ ಆಡಿದ್ದರು. "ವರ್ಷದ ದಿನಕ್ಕೆ ಇನ್ನೂ ಮೂರು ವಾರ ಐತೆ. ಅಷ್ಟರೊಳಗೆ ಹೇಂಟೆಗಳು ಇವನ್ನ ಸೇರಿಸ್ಕೊಂಡ್ರೆ ಆಯ್ತು. ಇಲ್ಲಾಂದ್ರೆ ಬಂದವರಿಗೆ ಸಾರಿಗಾಗ್ತಾನೆ." ಅವರು ಕೋಳಿಯ ವಿಷಯವನ್ನಷ್ಟೇ ಹೇಳಿದ್ದು. ನಾನು ಬೇರೆ ಏನೋ ಕೇಳಿಸಿಕೊಂಡೆ.

ಹಳೆಯ ಹುಂಜ ಬೇಸಗೆಯಲ್ಲಿ ವಯಸ್ಸಾಗಿ ಸತ್ತಿತ್ತು. ನಾಲ್ಕು ತಿಂಗಳಿಂದ ಹೇಂಟೆಗಳು ತಮ್ಮಷ್ಟಕ್ಕೆ ಇದ್ದವು. ಯಜಮಾನಿ ಮುಂದೆ, ಅದರ ಹಿಂದೆ ಕೆಂಪಿ, ಆಮೇಲೆ ಚುಕ್ಕಿ, ಕೊನೆಗೆ ಗಿಡ್ಡಿ. ನೀರಿಗೂ ಇದೇ ಸಾಲು, ಕಾಳಿಗೂ ಇದೇ ಸಾಲು. ಯಜಮಾನಿ ಬೆಳಿಗ್ಗೆ ಕಲ್ಲಿನ ಮೇಲೆ ಹತ್ತಿ, ಗಂಟಲು ಕೆಟ್ಟವರ ಹಾಗೆ ಒಂದು ಕೂಗು ಹಾಕುವುದನ್ನೂ ಕಲಿತಿತ್ತು. ಹೇಂಟೆ ಕೂಗಿದರೆ ಒಳ್ಳೆಯದಲ್ಲ ಎಂದು ಪಕ್ಕದ ಮನೆಯ ಬಷೀರ್ ಸಾಹೇಬರು ಗೋಡೆಯಾಚೆಯಿಂದ ಹೇಳಿದಾಗ, "ಮನೇಲಿ ಗಂಡಸು ಇಲ್ದಿದ್ರೆ ಇನ್ಯಾರು ಕೂಗ್ಬೇಕು ಸಾಬ್ರೇ, ನೀವ್ ಬಂದು ಕೂಗ್ತೀರಾ?" ಎಂದು ದೊಡ್ಡವ್ವ ಕೇಳಿದ್ದರು. ನಾನು ಜಗಲಿಯ ಮೇಲೆಯೇ ಇದ್ದೆ.

ಹುಂಜವನ್ನು ಸೇರಿಸುವ ಕ್ರಮವನ್ನು ಅತ್ತೆ ಹೇಳಿಕೊಟ್ಟರು. ಮೊದಲ ವಾರ ಜಾಲರಿಯ ಗೂಡಿನಲ್ಲಿ, ಮುಖ ಕಾಣುವ ಹಾಗೆ, ಮೈ ತಾಗದ ಹಾಗೆ. ಇಬ್ಬರಿಗೂ ಒಂದೇ ಒಲೆಯ ಬೂದಿಯಲ್ಲಿ ಹೊರಳಾಟ, ವಾಸನೆ ಒಂದಾಗಲೆಂದು. ಆಮೇಲೆ ಸಂಜೆ ಕೋಳಿಗಳಿಗೆ ಕಣ್ಣು ಮಂಜಾಗುವ ಹೊತ್ತಿಗೆ ಹುಂಜವನ್ನು ಮೆಲ್ಲಗೆ ಒಯ್ದು ಹೇಂಟೆಗಳು ಕೂರುವ ಕೋಲಿನ ತುದಿಯಲ್ಲಿ ಕೂರಿಸುವುದು. ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿರುವವನು ಹೊಸಬನೋ ಹಳಬನೋ ಎಂದು ಅವಕ್ಕೆ ಅನುಮಾನ ಬರಬೇಕು. ನುಚ್ಚು ಮೂರು ಕಡೆ ಹಾಕುವುದು, ಒಬ್ಬರು ಓಡಿಸಿದರೆ ಇನ್ನೊಂದು ಕಡೆ ತಿನ್ನಲಿ. "ರಕ್ತ ಬಂದ್ರೆ ಬಿಡ್ಸಿ. ಬರೀ ಬೈದಾಡಿದ್ರೆ ಸುಮ್ನೆ ಕೂತ್ಕೊಳ್ಳಿ. ಅದು ನಿಮಗೆ ಬರ್ತದಲ್ಲ," ಎಂದರು.

ಹೀಗಾಗಿ ಎಂಟನೆಯ ಸಂಜೆ ಅಗುಳಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಕೊನೆಗೆ ತೆಗೆದೆ. ಹುಂಜವನ್ನು ಎದೆಗೊತ್ತಿಕೊಂಡು ದೊಡ್ಡ ಗೂಡಿನೊಳಗೆ ಬಗ್ಗಿ, ಗಿಡ್ಡಿಯ ಪಕ್ಕ ಕೋಲಿನ ತುದಿಯಲ್ಲಿ ಕೂರಿಸಿದೆ. ಅದರ ಎದೆ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು. ಗಿಡ್ಡಿ ಒಮ್ಮೆ ಗೊಣಗಿ, ಅರ್ಧ ಅಂಗುಲ ಸರಿದು, ಮತ್ತೆ ಕುತ್ತಿಗೆ ಒಳಗೆಳೆದುಕೊಂಡಿತು. ಆ ಅರ್ಧ ಅಂಗುಲವನ್ನು ನಾನು ಬಹಳ ಹೊತ್ತು ನೋಡಿದೆ.

ಬೆಳಿಗ್ಗೆ ಯಜಮಾನಿ ಅದನ್ನು ಹಿತ್ತಿಲ ತುಂಬ ಅಟ್ಟಿಸಿಕೊಂಡು ಹೋಯಿತು. ಆದರೆ ಕುಕ್ಕಲಿಲ್ಲ, ಓಡಿಸಿತು ಅಷ್ಟೇ. ಮರುದಿನವೂ ಓಡಿಸಿತು. ಹುಂಜ ಬೇಲಿಯ ಮೂಲೆಯಲ್ಲಿ ಒಬ್ಬನೇ ನಿಂತು, ಕೂಗಲು ಹೋಗಿ, ಅರ್ಧಕ್ಕೆ ಗಂಟಲು ಒಡೆದು, ಸುತ್ತ ನೋಡಿ, ಏನೂ ಆಗಿಲ್ಲವೆಂಬಂತೆ ಮಣ್ಣು ಕೆದಕುತ್ತಿತ್ತು. ಪ್ರೆಸ್ಸಿಗೆ ಹೋಗುವ ಮೊದಲು, ಬಂದ ಮೇಲೆ, ನಾನು ಅದರ ಪಕ್ಕ ಕೂರುತ್ತಿದ್ದೆ. ಇಬ್ಬರ ಮೇಲೂ ಬಿಸಿಲು ಬೀಳುತ್ತಿತ್ತು, ನೆಲ ಮಾತ್ರ ಖಾಲಿ.

ಬಷೀರ್ ಸಾಹೇಬರು ತಗಡಿನ ಕೆಲಸದವರು. ಇಪ್ಪತ್ತೆರಡು ವರ್ಷದ ಹಿಂದೆ ಹೊಳೆ ದಾಟಿ ಅಳಿಯನಾಗಿ ಬಂದವರು. ಮೂರನೆಯ ದಿನವೇ ನೆರಳು ಬಂದದ್ದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನಾನು ಮೇಷ್ಟ್ರಲ್ಲದಿದ್ದರೂ ಡಿಗ್ರಿ ಓದಿದವನೆಂದು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

"ಏನ್ ಮೇಷ್ಟ್ರೇ, ಯಾರದು ಮೊದಲು ಬರ್ತದೆ? ನಿಮ್ದಾ, ಅವನ್ದಾ?"

"ನೋಡಬೇಕು ಸಾಹೇಬ್ರೇ."

"ನೋಡ್ತಾ ಕೂತ್ರೆ ಬರಲ್ಲ. ನಾನು ಬಂದ ಮೂರನೇ ದಿನ ಏನ್ಮಾಡ್ದೆ ಗೊತ್ತಾ? ನಮ್ಮ ಅತ್ತೆ ಮಾಡಿದ ಸಾರಿಗೆ ಉಪ್ಪಿಲ್ಲ ಅಂದೆ. ಅವರು ಸೌಟು ಎಸೆದ್ರು. ಸೌಟು ನನ್ನ ತಲೆಗೂ ಬಿತ್ತು, ನನ್ನ ನೆರಳಿನ ತಲೆಗೂ ಬಿತ್ತು."

ನಾನು ನಕ್ಕೆ. ನಮ್ಮ ಅತ್ತೆಯ ಸಾರಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಇರದಿದ್ದರೂ ನಾನು ಹೇಳುವವನಲ್ಲ. ಹನ್ನೊಂದು ತಿಂಗಳಲ್ಲಿ ಬಡಿಸಿದ್ದನ್ನು ತಿಂದಿದ್ದೆ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ, ಯಾರ ದಾರಿಗೂ ಅಡ್ಡ ಬಂದಿರಲಿಲ್ಲ. ಅದನ್ನೇ ನಾನು ಗೌರವ ಎಂದುಕೊಂಡಿದ್ದೆ.

ವರ್ಷದ ದಿನಕ್ಕೆ ಒಂದು ವಾರವಿದ್ದಾಗ ಹುಂಜದ ವಿಷಯ ತೀರ್ಮಾನವಾಯಿತು. ಅಂದು ಭಾನುವಾರ, ಪ್ರೆಸ್ಸಿಗೆ ರಜೆ. ದೊಡ್ಡವ್ವ ಹಿತ್ತಿಲ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಗೊಬ್ಬರದ ಗುಂಡಿಯ ಪಕ್ಕ ಇದ್ದೆ. ಹುಂಜ ಗುಂಡಿಯ ಅಂಚನ್ನು ಕೆದಕಿ ಒಂದು ಬಿಳಿ ಗೊಬ್ಬರದ ಹುಳ ಎಳೆದು ತೆಗೆಯಿತು. ಕಿರುಬೆರಳು ಗಾತ್ರದ ಹುಳ. ಹುಂಜಕ್ಕೆ ನೆರಳಿಲ್ಲ, ಹುಳ ಇದೇ ಊರಿನದು. ನೆಲದ ಮೇಲೆ ಹುಳದ ನೆರಳು ಮಾತ್ರ ಗಾಳಿಯಲ್ಲಿ ನೇತಾಡುವಂತೆ ಹೊರಳುತ್ತಿತ್ತು.

ಹುಂಜ ಅದನ್ನು ನುಂಗಲಿಲ್ಲ. ಕೆಳಗಿಟ್ಟಿತು. ಎತ್ತಿ ಮತ್ತೆ ಇಟ್ಟಿತು. ಗಂಟಲಿನಲ್ಲಿ ಒಂದು ಸಣ್ಣ ಸದ್ದು ತೆಗೆಯಿತು, ಕುಕ್ ಕುಕ್ ಕುಕ್ ಎಂದು, ಒಡೆದ ಕೂಗಿಗಿಂತ ಎಷ್ಟೋ ಮೆದು. ಇಷ್ಟು ದಿನ ಆ ಸದ್ದನ್ನು ನಾನು ಕೇಳಿರಲಿಲ್ಲ. ಗಿಡ್ಡಿ ತಲೆಯೆತ್ತಿತು, ಬರಲಿಲ್ಲ. ಚುಕ್ಕಿ ಎರಡು ಹೆಜ್ಜೆ ಬಂದು ನಿಂತಿತು. ಯಜಮಾನಿ ಕಲ್ಲಿನಿಂದ ಇಳಿದು, ಯಾವ ಅವಸರವೂ ಇಲ್ಲದೆ ನಡೆದು ಬಂದು, ಹುಂಜವನ್ನು ಒಂದು ಕಣ್ಣಿನಿಂದ ನೋಡಿ, ಇನ್ನೊಂದು ಕಣ್ಣಿನಿಂದಲೂ ನೋಡಿ, ಹುಳ ತೆಗೆದುಕೊಂಡು ನುಂಗಿತು. ಹುಂಜ ಹಿಂದೆ ಸರಿಯಲಿಲ್ಲ. ಯಜಮಾನಿ ಅಲ್ಲೇ, ಅದರ ಎದೆಯ ಕೆಳಗೇ, ಗುಂಡಿ ಕೆದಕತೊಡಗಿತು.

ಆಗ ನೆಲದ ಮೇಲೆ ಮೊದಲು ಹರಿದ ಜುಟ್ಟಿನ ಅಂಚು ಮೂಡಿತು. ಆಮೇಲೆ ಕೊಕ್ಕು, ಕುತ್ತಿಗೆ, ಬಾಲದ ಎರಡು ಬಾಗಿದ ಗರಿ. ಒದ್ದೆ ಬಟ್ಟೆಯ ಕೆಳಗೆ ನೆಲ ಕಪ್ಪಾಗುವ ಹಾಗೆ ಬಂತು. ಹುಂಜ ಅದನ್ನು ಗಮನಿಸಲಿಲ್ಲ. ಮತ್ತೊಂದು ಹುಳ ಹುಡುಕುತ್ತಿತ್ತು.

"ನೋಡ್ದ್ಯಾ?" ಎಂದರು ದೊಡ್ಡವ್ವ. ನಾನು ಅವರನ್ನು ನೋಡಿದೆ. ಮನೆಯಲ್ಲಿ ಅವರೊಬ್ಬರೇ ನನಗೆ ಏಕವಚನ ಬಳಸುತ್ತಿದ್ದದ್ದು, ಅದೂ ಅಪರೂಪಕ್ಕೆ. "ಅವ್ನು ಹುಳ ಸಿಕ್ಕಿದ್ರೆ ಕರೀತಾನೆ. ನೀನು ಏನು ಸಿಕ್ಕಿದ್ರೂ ಪುಸ್ತಕದೊಳಗೆ ಇಟ್ಟು ಮುಚ್ಕೋತೀಯ. ಒಳಗೆ ಏನೈತೆ ಅಂತ ನಮಗೆ ಹೆಂಗಪ್ಪ ಗೊತ್ತಾಗ್ಬೇಕು? ಈ ಮನೆ ಹಿಡಿಸ್ಲಿಲ್ಲ ಅಂತ ನಮ್ ಸಾಕಿ ಅಂದ್ಕೊಂಡವ್ಳೆ."

"ಯಾರಿಗೆ ಹಿಡಿಸಲಿಲ್ಲ, ದೊಡ್ಡವ್ವ?"

"ನಿಂಗೆ."

ನಾನು ಏನೂ ಹೇಳಲಿಲ್ಲ. ದೊಡ್ಡವ್ವ ಕಡಲೆಕಾಯಿ ಸಿಪ್ಪೆಯನ್ನು ನನ್ನ ಕಡೆಗೆ ಎಸೆದು, "ನೋಡು, ಮತ್ತೆ ಮುಚ್ಕೊಂಡೆ," ಎಂದರು.

ಮೂರು ದಿನ ಆ ಮಾತು ನನ್ನೊಳಗೆ ಸುತ್ತಿತು. ಅವರು ನನ್ನನ್ನು ಒಪ್ಪಲಿ ಎಂದು ನಾನು ಕಾದದ್ದು ಅವರಿಗೆ ನಾನು ಅವರನ್ನು ಒಪ್ಪದ ಹಾಗೆ ಕಂಡಿತ್ತು. ಎರಡು ಕಡೆಯವರೂ ಜಾಲರಿಯ ಆಚೀಚೆ ಹನ್ನೊಂದು ತಿಂಗಳು ಕೂತಿದ್ದೆವು. ಬುಧವಾರ ಪ್ರೆಸ್ಸಿನಿಂದ ಬರುವಾಗ ದಾರಿಯಲ್ಲಿ ಒಬ್ಬಳು ಮುದುಕಿ ಎಲೆಯ ಮೇಲೆ ನೇರಳೆಹಣ್ಣು ಗುಡ್ಡೆ ಹಾಕಿಕೊಂಡಿದ್ದಳು. ದಪ್ಪ ದಪ್ಪ ಹಣ್ಣು. ಎರಡು ಗುಡ್ಡೆ ಕೊಂಡೆ. ಬೇರೆ ದಿನವಾಗಿದ್ದರೆ ಅಡುಗೆಮನೆಯ ಗೂಡಿನಲ್ಲಿಟ್ಟು ಬರುತ್ತಿದ್ದೆ, ಯಾರೋ ನೋಡಿ ತೊಳೆಯುತ್ತಿದ್ದರು. ಅಂದು ಅಂಗಳದಲ್ಲಿ ನಿಂತೆ. ಹೇಗೆ ಕರೆಯುವುದೆಂದು ಗೊತ್ತಾಗಲಿಲ್ಲ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಆಮೇಲೆ, "ಅತ್ತೆ, ದೊಡ್ಡವ್ವ, ಇಂದ್ರಾಣಿ, ಬನ್ನಿ ಇಲ್ಲಿ," ಎಂದು ಕೂಗಿದೆ. ನನ್ನ ದನಿಯೂ ಅರ್ಧಕ್ಕೆ ಒಡೆಯಿತು.

ಮೂವರೂ ಓಡಿ ಬಂದರು. ಅತ್ತೆಯ ಕೈಯಲ್ಲಿ ಕೋಲಿತ್ತು.

"ಎಲ್ಲೈತೆ?" ಎಂದರು.

"ಏನು?"

"ಹಾವು."

"ಹಾವಿಲ್ಲ ಅತ್ತೆ. ನೇರಳೆಹಣ್ಣು ತಂದೆ. ತಿನ್ನೋಣ ಅಂತ ಕರೆದೆ."

ಅತ್ತೆ ಕೋಲು ಹಿಡಿದುಕೊಂಡೇ ನನ್ನನ್ನು ನೋಡಿದರು. "ಇಷ್ಟಕ್ಕೆ ಹಂಗಾ ಕಿರುಚೋದು? ನನ್ನ ಎದೆ ಇನ್ನೂ ಹೊಡ್ಕೊತಾ ಐತೆ," ಎಂದು ಕಂಬಕ್ಕೆ ಒರಗಿದರು. ಇಂದ್ರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದೊಡ್ಡವ್ವ ಆಗಲೇ ಮೂರು ಹಣ್ಣು ಬಾಯಿಗೆ ಹಾಕಿಕೊಂಡಿದ್ದರು. ನಾಲ್ಕೂ ಜನ ಅಂಗಳದಲ್ಲೇ ಕೂತು ತಿಂದೆವು. ಬೀಜ ಉಗಿದಲ್ಲಿಗೆ ಕೋಳಿಗಳು ಬಂದವು. ದೊಡ್ಡವ್ವ ನೀಲಿಯಾದ ನಾಲಿಗೆ ಚಾಚಿ ತೋರಿಸಿದರು. ಅತ್ತೆಯೂ, ಯಾರೂ ನೋಡುತ್ತಿಲ್ಲ ಎಂದುಕೊಂಡು, ನಾಲಿಗೆ ಚಾಚಿ ಮೂಗಿನ ತುದಿಯಿಂದ ನೋಡಿಕೊಂಡರು. ನಾನು ಪಕ್ಕದ ಗೋಡೆಯನ್ನು ನೋಡಿದೆ. ಅಲ್ಲಿ ಮೂರು ನೆರಳಿದ್ದವು. ಹಣ್ಣು ಹಿಡಿದ ನನ್ನ ಕೈಯ ಜಾಗದಲ್ಲಿ ಹಣ್ಣಿನ ಸಣ್ಣ ದುಂಡನೆಯ ನೆರಳು ಮಾತ್ರ ಇತ್ತು. ಅಂದು ಅದರಿಂದ ಅಷ್ಟೇನೂ ಬೇಸರವಾಗಲಿಲ್ಲ. ಹೊಳೆ ದಾಟಿದರೂ ಈ ಸಂಜೆ ನನ್ನದೇ ಎನಿಸಿತು.

ಆದರೆ ರಾತ್ರಿ ಊಟವಾದ ಮೇಲೆ ಇಂದ್ರಾಣಿ ಟ್ರಂಕಿಗೆ ಇನ್ನೊಂದು ಪಾತ್ರೆ ಸೇರಿಸಿದಳು. ಉಳಿದದ್ದು ಮೂರೇ ದಿನ.

ಶನಿವಾರ ಬೆಳಿಗ್ಗೆ ನಾನು ಬೇಗ ಎದ್ದು ಜಗಲಿಗೆ ಬಂದಾಗ ಅತ್ತೆ ಮುಂದಿನ ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಬೆನ್ನಿಗೆ ಬಿಸಿಲು, ಎದುರಿಗೆ ಸುಣ್ಣದ ಗೋಡೆ. ಕೈಗಳನ್ನು ಮೈಗೆ ಅಂಟಿಸಿಕೊಂಡು, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ ಸರಿಯುತ್ತಿದ್ದರು. ಅವರು ನನಗಿಂತ ಎರಡು ಬೆರಳು ಎತ್ತರ. ಮದುವೆಯಲ್ಲಿ ಅದೊಂದು ತಮಾಷೆಯಾಗಿತ್ತು. ಗೋಡೆಗೆ ಸುಣ್ಣ ಬಳಿಯಬೇಕೋ ಎಂದು ನೋಡುತ್ತಿದ್ದಾರೆ ಎಂದುಕೊಂಡು ನಾನು ಒಳಗೆ ಹೋದೆ.

ಭಾನುವಾರ ವರ್ಷದ ದಿನ. ಬೀದಿಯವರು ಬರುವ ಮೊದಲು ಕೋಳಿಗಳಿಗೆ ಕಾಳು ಹಾಕಿಬರೋಣ ಎಂದು ಮೊರದಲ್ಲಿ ನುಚ್ಚು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ನಿಜ ಹೇಳಬೇಕೆಂದರೆ, ಹೊಳೆಯಾಚೆ ಹೋಗುವ ಮೊದಲು ಅವುಗಳ ಜೊತೆ ಸ್ವಲ್ಪ ಹೊತ್ತು ಕೂರಬೇಕಿತ್ತು. ಹುಂಜ ಈಗ ನಡುವೆ ಇತ್ತು, ಪಕ್ಕದಲ್ಲಿ ಯಜಮಾನಿ. ಎಂದಿನಂತೆ ನಾನು ಬಾಗಿಲು ದಾಟಿ ಅವುಗಳ ನಡುವೆ ಹೆಜ್ಜೆ ಇಟ್ಟೆ.

ಹುಂಜ ಕತ್ತು ನಿಗುರಿಸಿ ಒಂದು ಉದ್ದನೆಯ ದನಿ ತೆಗೆಯಿತು. ಹದ್ದು ಕಂಡಾಗ ತೆಗೆಯುವ ದನಿ. ನಾಲ್ಕೂ ಹೇಂಟೆಗಳು ರೆಕ್ಕೆ ಬಡಿದು, ಒಂದು ಗೂಡಿನ ಕೆಳಗೆ, ಒಂದು ಬೇಲಿಯ ಬುಡಕ್ಕೆ, ಎರಡು ತೊಟ್ಟಿಯ ಹಿಂದಕ್ಕೆ ಓಡಿದವು. ನಾನು ಗಾಬರಿಯಾಗಿ ಆಕಾಶ ನೋಡಿದೆ. ಒಂದು ಮೋಡ ಕೂಡ ಇರಲಿಲ್ಲ. ಹುಂಜ ಓಡಿರಲಿಲ್ಲ. ಕಾಲು ಅಗಲಿಸಿ ನಿಂತು ನನ್ನ ಮುಂದಿನ ನೆಲವನ್ನು ನೋಡುತ್ತಿತ್ತು. ನಾನೂ ನೋಡಿದೆ.

ಮೊರದ ನೆರಳಿತ್ತು. ಮೊರ ಹಿಡಿದ ಎರಡು ಕೈಗಳ ನೆರಳೂ ಇತ್ತು. ತೋಳು, ಭುಜ, ತಲೆ, ಬಾಚದೆ ಎದ್ದು ನಿಂತ ಕೂದಲು. ಹನ್ನೆರಡು ತಿಂಗಳಲ್ಲಿ ನಾನು ಸ್ವಲ್ಪ ಬಗ್ಗಿದ್ದೆ ಎಂದು ನನಗೆ ತಿಳಿದದ್ದು ಆಗಲೇ. ಮೊರ ವಾಲಿ ನುಚ್ಚು ಚೆಲ್ಲಿತು, ಅದು ಚೆಲ್ಲಿದ್ದೂ ನೆಲದ ಮೇಲೆ ಕಂಡಿತು. ಒಂದು ಕೈ ಎತ್ತಿದೆ, ಅದೂ ಎತ್ತಿತು. ಹುಂಜ ಮತ್ತೊಮ್ಮೆ ಬೈದು, ಗುರುತು ಸಿಕ್ಕಿತೇನೋ, ನುಚ್ಚಿಗೆ ಬಾಗಿ ಹೇಂಟೆಗಳನ್ನು ಕರೆಯಿತು.

ಇಂದ್ರಾಣಿಗೆ ಮೊದಲು ಹೇಳಬೇಕು ಎಂದುಕೊಂಡು ಒಳಗೆ ಓಡಿದೆ. ಒಳಮನೆಯಲ್ಲಿ ಕತ್ತಲೆ, ಅಲ್ಲಿ ಯಾರಿಗೂ ನೆರಳಿರುವುದಿಲ್ಲ. ನಡುಮನೆಯ ಬಾಗಿಲಲ್ಲಿ ಅತ್ತೆ ನನ್ನ ಮುಂಗೈ ಹಿಡಿದು ನಿಲ್ಲಿಸಿದರು. ಮದುವೆಯ ಧಾರೆಯಾದ ಮೇಲೆ ಅವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಹೊರಗೆ ಬಷೀರ್ ಸಾಹೇಬರ ನಗೆ, ಚಾಪೆ ಹಾಸುವ ಸದ್ದು.

"ಅಳಿಯಂದ್ರೇ, ನಾನು ಹೇಳೋದು ಕೇಳಿ. ಮಾತಾಡ್ಬೇಡಿ," ಎಂದು ಪಿಸುಗುಟ್ಟಿದರು. "ನಾನು ನಿಮ್ಮ ಹಿಂದೆ ನಿಂತ್ಕೋತೀನಿ. ಹತ್ರ. ಈ ಮನೇಲಿ ಬಂದವರ ಹಿಂದೆ ತಾಯಿ ನಿಲ್ಲೋದು ಪದ್ಧತಿ ಅಂತ ಬೀದಿಯವರಿಗೆ ಹೇಳಿದ್ದೀನಿ. ಕೈ ಅಲ್ಲಾಡಿಸ್ಬೇಡಿ, ತಲೆ ತಿರುಗಿಸ್ಬೇಡಿ. ನಾನು ಉಸಿರು ಬಿಟ್ಟಾಗ ಬಿಡಿ, ತಗೊಂಡಾಗ ತಗೊಳ್ಳಿ. ನಿನ್ನೆ ನೋಡ್ಕೊಂಡಿದ್ದೀನಿ, ಗೋಡೇಲಿ ಸರಿಯಾಗಿ ಬೀಳ್ತದೆ."

"ಅತ್ತೆ—"

"ನಂಗೆ ಗೊತ್ತು ನಾನು ಏನ್ ಮಾಡ್ತಿದ್ದೀನಿ ಅಂತ. ಆ ಹುಡುಗೀನ ನಾನು ಹೊಳೆ ದಾಟಿಸ್ದೆ. ನಿಮ್ಮನ್ನ ದಾಟಿಸಲ್ಲ." ಅವರ ಕೈ ತಣ್ಣಗಿತ್ತು. ಊರಿಗೆಲ್ಲ ಸುಳ್ಳು ಹಿಡಿದುಕೊಡುವವರು ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಲು ಹೊರಟಿದ್ದರು, ಹಣೆಯ ಮೇಲೆ ಬೆವರಿತ್ತು. "ನಾವು ನಿಮ್ಮನ್ನ ಸರಿಯಾಗಿ ಕರೀಲಿಲ್ಲ. ಅದು ನಮ್ಮ ತಪ್ಪು. ನೆರಳು ಬರದೇ ಇರೋದು ನಿಮ್ಮ ತಪ್ಪಲ್ಲ."

ನಾನು ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಒಂದೇ ಮಾತಿತ್ತು. ಅವರ ಮುಖ ನೋಡಿ ಬಾಯಿ ಮುಚ್ಚಿದೆ. ತಲೆಯಾಡಿಸಿದೆ.

ಅಂಗಳದಲ್ಲಿ ಗೋಡೆಗೆ ಮುಖಮಾಡಿ ನಿಂತೆ. ಅವರು ಹಿಂದೆ ಬಂದು ನಿಂತರು, ಎಷ್ಟು ಹತ್ತಿರವೆಂದರೆ ಅವರ ಸೀರೆಯ ಹೊಸ ಗಂಜಿಯ ವಾಸನೆ ಬರುತ್ತಿತ್ತು. ಅವರು ಉಸಿರು ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಬಿಟ್ಟರು, ಬಿಟ್ಟೆ. ಸುಣ್ಣದ ಗೋಡೆಯ ಮೇಲೆ ಒಂದು ಗಟ್ಟಿಯಾದ ಕಪ್ಪು ನೆರಳು ಮೇಲೆ ಕೆಳಗೆ ಆಡುತ್ತಿತ್ತು. ಅದು ನಮ್ಮಿಬ್ಬರದ್ದೂ ಎಂದು ತಿಳಿದಿದ್ದವನು ನಾನೊಬ್ಬನೇ. ಬಾಗಿಲಲ್ಲಿ ಇಂದ್ರಾಣಿ ಕಂಬ ಹಿಡಿದು ನಿಂತಿದ್ದಳು. ಅವಳ ಮುಖ ಅರಳಿತು, ಆಮೇಲೆ ತಾಯಿಯನ್ನು ನೋಡಿ ಪ್ರಶ್ನೆಯಾಯಿತು, ಆಮೇಲೆ ಅವಳು ನೆಲ ನೋಡಿದಳು.

ಬೀದಿಯವರು ಗೋಡೆ ನೋಡಿದರು. ಬಷೀರ್ ಸಾಹೇಬರು ಕೆಮ್ಮಿದರು.

"ಮೇಷ್ಟ್ರ ನೆರಳು ಸ್ವಲ್ಪ ದಪ್ಪ ಇದೆಯಲ್ಲ ಸಾಕಮ್ಮ?"

"ನಮ್ಮನೆ ಊಟ," ಎಂದರು ಅತ್ತೆ, ಉಸಿರು ತಪ್ಪದ ಹಾಗೆ.

ಯಾರೋ ನಕ್ಕರು. ಸಾಹೇಬರು ಗೋಡೆಯನ್ನು ನೋಡಿ, ಅತ್ತೆಯನ್ನು ನೋಡಿ, ಗಡ್ಡ ನೀವಿಕೊಂಡು, "ಬಿದ್ದಿದೆ, ಬಿದ್ದಿದೆ. ಊಟಕ್ಕೆ ಏನು ಮಾಡಿದ್ದೀರಿ?" ಎಂದರು. ಜನ ಒಳಗೆ ನಡೆಯತೊಡಗಿದರು. ಹುಂಜ ಉಳಿದುಕೊಂಡಿದ್ದರಿಂದ ಅಂದು ಹುರುಳಿ ಬಸ್ಸಾರು, ಮುದ್ದೆ.

ಎಲ್ಲರೂ ಒಳಗೆ ಹೋದ ಮೇಲೆ ಅತ್ತೆ ಒಂದು ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿದರು. ನನ್ನ ನೆರಳು ಗೋಡೆಯ ಮೇಲೆಯೇ ಉಳಿಯಿತು, ಸ್ವಲ್ಪ ತೆಳ್ಳಗಾಗಿ, ಎರಡು ಬೆರಳು ಕುಳ್ಳಗಾಗಿ. ಅವರು ಅದನ್ನು ನೋಡಿದರು. ತಮ್ಮದು ಪಕ್ಕದಲ್ಲಿದೆಯೇ ಎಂದು ನೋಡಿಕೊಂಡರು. ಇತ್ತು. ಹತ್ತಿರ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿದರು.

"ಹಿಡ್ಕೊಂತು," ಎಂದರು ಮೆಲ್ಲಗೆ.

ಆ ಸಂಜೆ ಅಡುಗೆ ಒಲೆಯ ಮುಂದೆ ಅವರು ದೊಡ್ಡವ್ವನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಹಾಲಿಗೆ ಹೆಪ್ಪು ಹಾಕ್ದಂಗೆ ಕಣಕ್ಕ. ನನ್ನದು ಒಂದ್ ಚೂರು ಹಾಕ್ದೆ, ಅಷ್ಟೇ. ಹಿಡ್ಕೊಂಬಿಡ್ತು." ದೊಡ್ಡವ್ವ ಏನೋ ಕೇಳಿದರು. "ಮೋಸ ಅಲ್ಲ ಬಿಡು. ಹೆಪ್ಪು ಹಾಕೋದು ಮೋಸವಾ?" ಎಂದರು ಅತ್ತೆ. ಅವರ ದನಿಯಲ್ಲಿ ನಾನು ಎಂದೂ ಕೇಳದ ಒಂದು ಹಗುರ ಇತ್ತು. ಇಂದ್ರಾಣಿ ಟ್ರಂಕಿನಿಂದ ಮೂರು ಪಾತ್ರೆ ತೆಗೆದು ಮತ್ತೆ ಅಟ್ಟಕ್ಕೆ ಏರಿಸಿದಳು. ಏಣಿ ಹಿಡಿದವನು ನಾನು.

ಇದಾಗಿ ಒಂಬತ್ತು ವರ್ಷವಾಯಿತು. ಹುಂಜ ಮುದಿಯಾಗಿದೆ, ಯಜಮಾನಿ ಇಲ್ಲ, ಅದರ ಮೊಮ್ಮಕ್ಕಳಿವೆ. ಈಗ ನಾನು ಹಿತ್ತಿಲಿಗೆ ಹೋದರೆ ಕೋಳಿಗಳು ಮೊದಲು ಓಡಿ ಆಮೇಲೆ ಬರುತ್ತವೆ. ಕಾಗೆ ಓಡಿಸಲು ಹೋದರೆ, "ಹಪ್ಪಳಕ್ಕೆ ಅಡ್ಡ ನಿಲ್ಬೇಡ," ಎಂದು ದೊಡ್ಡವ್ವ ಗದರುತ್ತಾರೆ. ಯಾರ ಮನೆಯಲ್ಲಿ ವರ್ಷದ ದಿನವಾದರೂ ಈಗಲೂ ಅತ್ತೆಗೇ ಮೊದಲು ಕರೆ. ಆದರೆ ಅವರು ಹೋಗುವುದು ಹಿಂದಿನ ದಿನ. ಬಂದವರಿಗೆ ಇನ್ನೂ ನೆರಳು ಬಂದಿಲ್ಲವೆಂದರೆ, ಆ ಮನೆಯ ಹೆಂಗಸರನ್ನು ಒಳಗೆ ಕರೆದು, ಹಿಂದೆ ಹೇಗೆ ನಿಲ್ಲಬೇಕು, ಉಸಿರು ಹೇಗೆ ಸೇರಿಸಬೇಕು ಎಂದು ಹೇಳಿಕೊಡುತ್ತಾರೆ. ಹೆಚ್ಚಿನವರಿಗೆ ಹಿಡಿಯುತ್ತದೆ. ಈ ಒಂಬತ್ತು ವರ್ಷದಲ್ಲಿ ನಮ್ಮ ಬೀದಿಯಿಂದ ಯಾರೂ ಹೊಳೆ ದಾಟಿಲ್ಲ.

ಅಂದು ಬೆಳಿಗ್ಗೆ, ಅವರು ನನ್ನ ಕೈ ಹಿಡಿಯುವ ಮೊದಲೇ, ಹಿತ್ತಿಲಿನಲ್ಲಿ ನನಗೆ ನೆರಳು ಬಂದಿತ್ತು ಎಂದು ನಾನು ಅತ್ತೆಗೆ ಹೇಳಿಲ್ಲ.